ಟ್ರೆಡ್‌ಮಿಲ್ ಮುಗ್ಗರಿಸುತ್ತಿದೆ, ಮಾರಿ ಬಾರ್‌ಬೆಲ್ ಸೆಟ್ ಕೊಳ್ಳಲೇ?

ಕೋಣೆಗರಡಿ:
ಎರಡು ವರ್ಷದ ಹಿಂದೆ ಕೊಂಡ ಟ್ರೆಡ್‌ಮಿಲ್ ಈಗ ಹಠಕ್ಕೆ ಬಿದ್ದಿದೆ. ಖಾಲಿ ಓಡಿಸಿದರೆ ಏನೂ ತಕರಾರಿಲ್ಲ. ನಾನು ಹತ್ತಿದ ಮೇಲೆ ಹೆಜ್ಜೆ ಊರಿದಾಗಲೆಲ್ಲ ಬೆಲ್ಟ್ ಅರೆಕ್ಷಣ ತಡೆದು, ಮತ್ತೆ ಜಗ್ಗಿಕೊಂಡು ಹೊರಡುತ್ತದೆ. ಮೋಟರ್ ಹೋಗಿರಬೇಕು. ಇದನ್ನು ಮಾರಿ 7 ಅಡಿಯ ಒಲಿಂಪಿಕ್ ಬಾರ್, ಅದನ್ನು ಇಡುವ ರ‍್ಯಾಕ್, ಬೆಂಚ್ ತರುವ ಯೋಚನೆ ಇದೆ. ಅಣ್ಣ ಬಿಟ್ಟುಹೋದ 40 ಕಿಲೋ ಪ್ಲೇಟುಗಳು ಹೇಗೂ ಇವೆ. ಯಾವ ರೀತಿಯ ರ‍್ಯಾಕ್ ತರಲಿ?

ಹಳೇಕಬ್ಬಿಣ:
ರ‍್ಯಾಕಿನ ಮಾತು ಆಮೇಲೆ. ನೀವು ಹೇಳಿದ ಲಕ್ಷಣಕ್ಕೆ ಮೊದಲು ಬೆಲ್ಟನ್ನೇ ಅನುಮಾನಿಸಬೇಕು, ಮೋಟರನ್ನಲ್ಲ. ಪ್ಲಗ್ ಕಿತ್ತು, ಬೆಲ್ಟಿನ ಅಂಚನ್ನು ಎತ್ತಿ, ಕೆಳಗಿನ ಹಲಗೆಯ ನಡುಭಾಗದವರೆಗೆ ಬೆರಳು ತೂರಿಸಿ ನೋಡಿ. ಜಾರುವ ಜಿಡ್ಡು ಕೈಗೆ ಹತ್ತಿದರೆ ಸರಿ. ಒಣಗಿದ್ದರೆ ನಿಮ್ಮ ಭಾರಕ್ಕೆ ಬೆಲ್ಟ್ ಹಲಗೆಗೆ ಕಚ್ಚಿಕೊಳ್ಳುತ್ತಿದೆ. ಅದಕ್ಕೆ ಸಿಲಿಕೋನ್ ಎಣ್ಣೆ ಮಾತ್ರ ಹಾಕಿ. ಹೊಲಿಗೆ ಯಂತ್ರದ ಎಣ್ಣೆ, ಅಡುಗೆ ಎಣ್ಣೆ ಎಂದು ಪ್ರಯೋಗ ಮಾಡಬೇಡಿ; ಬೆಲ್ಟೂ ಹಾಳು, ಹಲಗೆಯೂ ಹಾಳು.

ಎಣ್ಣೆ ಹಾಕಿದ ಮೇಲೂ ತಡೆದರೆ ಬೆಲ್ಟ್ ಸಡಿಲವಾಗಿರಬಹುದು. ಹಿಂದಿನ ಎರಡು ಬೋಲ್ಟುಗಳನ್ನೂ ಕಾಲು ಸುತ್ತು, ಎರಡನ್ನೂ ಸಮನಾಗಿ, ಬಿಗಿಮಾಡಿ. ಒಂದನ್ನೇ ತಿರುಗಿಸಿದರೆ ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ.

ಇನ್ನೊಂದು, ಕೋಣೆಯ ಉದ್ದ, ಅಗಲ, ಫ್ಯಾನಿನ ಎತ್ತರ ತಿಳಿಸಿ. ಪ್ಲೇಟಿನ ನಡುವಿನ ತೂತನ್ನೂ ಅಳೆಯಿರಿ.

ಕೋಣೆಗರಡಿ:
ಹಲಗೆ ಒಣಕಲಾಗಿತ್ತು. ಎಣ್ಣೆ ಹಾಕಿ ಐದು ನಿಮಿಷ ನಿಧಾನ ಓಡಿಸಿದೆ. ಮುಗ್ಗರಿಸುವುದು ಮುಕ್ಕಾಲುಪಾಲು ನಿಂತಿತು. ಬೋಲ್ಟ್ ಬಿಗಿಮಾಡಿದ ಮೇಲೆ ಪೂರ್ತಿ ನಿಂತಿತು. ಎರಡು ವರ್ಷ ಒಂದು ಹನಿ ಎಣ್ಣೆ ತೋರಿಸಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ. ಆದರೂ ಭಾರ ಎತ್ತುವ ಆಸೆ ಹೋಗಿಲ್ಲ.

ಕೋಣೆ 9 ಅಡಿಗೆ 10 ಅಡಿ. ಟ್ರೆಡ್‌ಮಿಲ್ 10 ಅಡಿಯ ಗೋಡೆಗೆ ಸೇರಿದೆ. ಫ್ಯಾನಿನ ರೆಕ್ಕೆ ನೆಲದಿಂದ ಏಳೂಮುಕ್ಕಾಲು ಅಡಿ. ನನ್ನ ಎತ್ತರ 5 ಅಡಿ 10 ಅಂಗುಲ. ಪ್ಲೇಟಿನ ತೂತು ಸುಮಾರು 30 ಮಿಲಿಮೀಟರ್.

ಹಳೇಕಬ್ಬಿಣ:
ಹಾಗಾದರೆ ಆ ಬಾರ್ ಬೇಡ. ನಿಮ್ಮ ಅಳತೆಗಳೇ ಬೇಡ ಎನ್ನುತ್ತಿವೆ.

ಪುರುಷರ ಒಲಿಂಪಿಕ್ ಬಾರಿನ ಉದ್ದ 2.2 ಮೀಟರ್, ಬರಿ ಬಾರಿನ ತೂಕವೇ 20 ಕಿಲೋ. 9 ಅಡಿ ಎಂದರೆ 274 ಸೆಂಟಿಮೀಟರ್. ಬಾರನ್ನು ನಡುವೆ ಇಟ್ಟರೆ ಎರಡೂ ತುದಿಗೆ ಉಳಿಯುವುದು 27 ಸೆಂಟಿಮೀಟರ್. ಆ ಸಂದಿಯಲ್ಲಿ ನಿಂತು ಪ್ಲೇಟ್ ಏರಿಸುವುದು ಹೇಗೆ? 10 ಅಡಿಯ ಕಡೆಗೆ ತಿರುಗಿಸಿದರೆ 42 ಸಿಗುತ್ತದೆ, ಆದರೆ ಅಲ್ಲಿ ಟ್ರೆಡ್‌ಮಿಲ್ ಕುಳಿತಿದೆ. ನಿಂತು ತಲೆಯ ಮೇಲೆ ಎತ್ತುವುದಂತೂ ಬಿಡಿ: ನಿಮ್ಮ ಎತ್ತರದವರ ಮುಷ್ಟಿ ಸುಮಾರು 215 ಸೆಂಟಿಮೀಟರ್‌ವರೆಗೆ ಹೋಗುತ್ತದೆ, ದೊಡ್ಡ ಪ್ಲೇಟಿನ ಅರ್ಧ ವ್ಯಾಸ ಇನ್ನೊಂದು 22.5. ಫ್ಯಾನಿನ ರೆಕ್ಕೆ 236ರಲ್ಲಿದೆ.

ಪ್ಲೇಟಿನ ಕಥೆಯೂ ಅದೇ. ಒಲಿಂಪಿಕ್ ಬಾರಿನ ತುದಿ 50 ಮಿಲಿಮೀಟರ್ ದಪ್ಪ. 30ರ ತೂತಿನೊಳಗೆ ಅದು ಇಳಿಯುವುದೇ ಇಲ್ಲ. ಅಣ್ಣನ ಪ್ಲೇಟುಗಳನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ.

ಅವುಗಳಿಗೆ ಹೊಂದುವ ಎರಡು ಡಂಬೆಲ್ ರಾಡುಗಳನ್ನು ತನ್ನಿ, ಪ್ಲೇಟನ್ನು ತುದಿಯಲ್ಲಿ ಹಿಡಿದಿಡುವ ತಿರುಪು ಕಾಲರ್ ಇರುವಂಥವು. ಪ್ರತಿ ಸಲ ಬಿಚ್ಚಿ ಹಾಕುವುದು ಬೇಸರದ ಕೆಲಸ, ಆದರೆ ಕಾಲರ್ ಬಿಗಿಯಾಗಿದ್ದರೆ ಪ್ಲೇಟ್ ಕಳಚುವುದಿಲ್ಲ. ಪ್ಲೇಟಿನ ವ್ಯಾಸ ದೊಡ್ಡದಿದ್ದರೆ ಕೈಯಲ್ಲಿ ತೊಡಕಾಗುತ್ತದೆ. ಚಿಕ್ಕ ಪ್ಲೇಟುಗಳನ್ನೇ ಹೆಚ್ಚು ಬಳಸಿ.

ಬೆಂಚುಮಣೆ:
ಬೆಂಚ್ ಬಗ್ಗೆ ಒಂದು ಮಾತು. ಚೀಟಿಯ ಮೇಲಿನ ಭಾರದ ಮಿತಿ ಎಂದರೆ ಕಬ್ಬಿಣದ ಭಾರ ಮಾತ್ರವಲ್ಲ. ಸಾಮಾನ್ಯವಾಗಿ ಮಲಗಿದವರ ತೂಕವೂ ಅದರಲ್ಲಿ ಸೇರಿರುತ್ತದೆ. 75 ಕಿಲೋ ಮೈ, 40 ಕಿಲೋ ಡಂಬೆಲ್ ಸೇರಿದರೆ ಆಗಲೇ 115. ನಾನು 120ರ ಬೆಂಚ್ ಕೊಂಡು, ಅದು ಅಲ್ಲಾಡಲು ಶುರುವಾದಾಗ ಕೂಡುವ ಲೆಕ್ಕ ಕಲಿತೆ. ಒರಗುವ ಕೋನ ಬದಲಿಸುವ ಬೆಂಚಾದರೆ, ಕೊಳ್ಳುವ ಮೊದಲು ಕುಳಿತು ಪಕ್ಕಕ್ಕೆ ತೂಗಿ ನೋಡಿ.

ಕೋಣೆಗರಡಿ:
ಕೆಳಗಿನ ಮನೆಯವರಿಗೆ ಸದ್ದಾಗುವುದಿಲ್ಲವೇ? ದಪ್ಪ ರಬ್ಬರ್ ಚಾಪೆ ಹಾಕಿದರೆ ಸಾಕೇ?

ಹಳೇಕಬ್ಬಿಣ:
ಚಾಪೆ ನೆಲದ ಹಾಸನ್ನು ಕಾಯುತ್ತದೆ, ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಎತ್ತಿದ್ದನ್ನು ಕೆಡವದೆ ಇಳಿಸಿ. ನನಗೆ ಡಂಬೆಲ್‌ಗಿಂತ ನಿಮ್ಮ ಟ್ರೆಡ್‌ಮಿಲ್ ಚಿಂತೆ. ಹೆಜ್ಜೆಯ ಧಡಧಡ ಚಾಪೆ ದಾಟಿ ಚಾವಣಿಗೆ ಇಳಿಯುತ್ತದೆ. ರಾತ್ರಿ ಓಡಬೇಡಿ, ನಡೆಯಿರಿ. ಅದರ ಹಿಂತುದಿಯೂ ಗೋಡೆಗೆ ತಾಗಿದೆಯೇ? ಹಾಗಿದ್ದರೆ ಇಂದೇ ತಿರುಗಿಸಿ. ಜಾರಿದವರು ಬೆಲ್ಟಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳಬಾರದು.

ಕೋಣೆಗರಡಿ:
ತಾಗಿತ್ತು. ಈಗ ಹಿಂತುದಿ ತೆರೆದ ಬಾಗಿಲ ಕಡೆಗಿದೆ. ರಾಡುಗಳೂ ಬಂದವು, ಅಣ್ಣನ ಪ್ಲೇಟುಗಳು ಸರಿಯಾಗಿ ಕೂತವು. ಬೆಂಚ್ ಇನ್ನೂ ಕೊಂಡಿಲ್ಲ. ಅಂಗಡಿಯಲ್ಲಿ ತೂಗಿ ನೋಡಿದ ಎರಡೂ ಅಲ್ಲಾಡಿದವು. ಸದ್ಯಕ್ಕೆ ನೆಲದ ಮೇಲೆ ಮಲಗಿಯೇ ಎತ್ತುತ್ತಿದ್ದೇನೆ.