ಸಿಂಗಾಪುರಕ್ಕೆ ಒಬ್ಬರೇ ಹೋಗಿ ಬಂದವರು ಊಟಕ್ಕೆ ಏನು ಮಾಡಿದಿರಿ?

ಗಡಿಬಿಡಿ
ಮುಂದಿನ ತಿಂಗಳು ಸಿಂಗಾಪುರಕ್ಕೆ ಒಬ್ಬಳೇ ಹೊರಟಿದ್ದೇನೆ, ಮೊದಲ ವಿದೇಶ ಪ್ರವಾಸ. ಸಸ್ಯಾಹಾರಿ, ಮೊಟ್ಟೆ ನಡೆಯುತ್ತೆ. ಲಿಟಲ್ ಇಂಡಿಯಾದಲ್ಲಿ ಉಳಿಯಲೋ, ಚೈನಾಟೌನ್‌ನಲ್ಲೋ? ಊಟಕ್ಕೆ ದಿನಕ್ಕೆ 30 ಸಿಂಗಾಪುರ ಡಾಲರ್ ಸಾಕಾಗುತ್ತಾ? ಹೋಗಿ ಬಂದವರು ಅನುಭವ ಹೇಳಿ, ಪ್ಲೀಸ್.

ಕಾಪಿಪುಡಿ
ನಾನು ಉಳಿದಿದ್ದು ಲಿಟಲ್ ಇಂಡಿಯಾದಲ್ಲೇ, ಯಾರು ಏನೇ ಅನ್ನಲಿ. ಕ್ಯಾಪ್ಸೂಲ್ ಹಾಸ್ಟೆಲ್ (ಗೂಡಿನಂಥ ಒಂದೊಂದು ಹಾಸಿಗೆ), ರಾತ್ರಿಗೆ 48 ಡಾಲರ್ ಅಂತ ಬುಕ್ ಮಾಡಿದ್ದು. ಕೌಂಟರ್ ಮುಂದೆ ನಿಂತ ಮೇಲೆ ಟವೆಲ್‌ಗೆ 3, ಬೀಗಕ್ಕೆ 5, ಬೆಳಿಗ್ಗೆ ಬೇಗ ಬಂದಿದ್ದೀರಿ ಅಂತ ಲಗೇಜ್ ಇಡೋಕೆ 4. ಹಾಸಿಗೆ ನೋಡೋ ಮುಂಚೆನೇ 12 ಡಾಲರ್ ಖಲಾಸ್!

ಊಟಕ್ಕೆ ಪಕ್ಕದ ಎಸಿ ಹೋಟೆಲ್‌ಗೆ ಹೋದೆ. ಥಾಲಿ 14, ನೀರಿನ ಬಾಟಲಿ 2, ನಾನು ಕೇಳದೇ ಮೇಜಿಗೆ ಬಂದು ಕೂತ ಒದ್ದೆ ಟಿಶ್ಯೂಗೆ 50 ಸೆಂಟ್. ಅದರ ಮೇಲೆ ಶೇ. 10 ಸರ್ವಿಸ್ ಚಾರ್ಜ್, ಆ ಒಟ್ಟು ಮೊತ್ತದ ಮೇಲೆ ಶೇ. 9 ಜಿಎಸ್‌ಟಿ. ಕೊನೆಗೆ ಬಿಲ್ 19.78. ಮೆನುವಿನಲ್ಲಿ ಬೆಲೆ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ಇದೇ ಕಥೆ. ಮಾರನೇ ದಿನದಿಂದ ಸೆರಂಗೂನ್ ರಸ್ತೆಯ ಕೋಮಲ ವಿಲಾಸಕ್ಕೆ ಹೋಗ್ತಿದ್ದೆ, 1947ರಿಂದ ಇರೋ ಹೋಟೆಲ್. ದೋಸೆ ತಿಂದು ನೆಮ್ಮದಿಯಾಗಿದ್ದೆ.

ಚೀಲಹೊತ್ತವಳು
ಅಷ್ಟು ದೂರ ಹಾರಿ ಹೋಗಿ ದೋಸೆ ತಿಂದು ನೆಮ್ಮದಿ! ಶಿವನೇ!

ನಾನು ಚೈನಾಟೌನ್. ಮ್ಯಾಕ್ಸ್‌ವೆಲ್ ಫುಡ್ ಸೆಂಟರ್ ನಡೆದು ಹೋಗೋ ದೂರ. ಒಂದೇ ಸೂರಿನಡಿ ಸಾಲು ಸಾಲು ಊಟದ ಅಂಗಡಿಗಳಿರೋ ಈ ಹಾಕರ್ ಸಂಸ್ಕೃತಿಗೆ 2020ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿದೆ, ಸುಮ್ಮನೆ ಅಲ್ಲ. ಬೆಳಿಗ್ಗೆ ಕಾಯಾ ಟೋಸ್ಟ್: ಇದ್ದಿಲ ಕೆಂಡದ ಮೇಲೆ ಸುಟ್ಟ ತೆಳು ಬ್ರೆಡ್, ನಡುವೆ ತೆಂಗಿನಹಾಲು-ಮೊಟ್ಟೆಯ ಸಿಹಿ ಜ್ಯಾಮ್, ಇನ್ನೂ ಕರಗದ ಬೆಣ್ಣೆ ತುಂಡು. ಪಕ್ಕದಲ್ಲಿ ಅರ್ಧ ಬೆಂದ ಎರಡು ಮೊಟ್ಟೆ. ತಟ್ಟೆಗೆ ಒಡೆದು, ಸೋಯಾ ಸಾಸ್, ಬಿಳಿ ಮೆಣಸಿನ ಪುಡಿ ಹಾಕಿ ಕಲಸಿ, ಬ್ರೆಡ್ ಅದ್ದಿ ತಿನ್ನೋದು. ಎದುರಿಗಿದ್ದ ಅಜ್ಜ ಹಾಗೇ ತಟ್ಟೆ ಎತ್ತಿ ಸೊರ್ರ್ ಅಂತ ಕುಡಿದುಬಿಟ್ಟರು. ಮಧ್ಯಾಹ್ನ ಚಿಕನ್ ರೈಸ್. ದಿನಕ್ಕೆ 20 ಡಾಲರ್ ದಾಟಿದ್ದೇ ಇಲ್ಲ.

ಒಬ್ಬರೇ ಹೋದರೆ ಒಂದೇ ಕಷ್ಟ: ಕ್ಯೂನಲ್ಲಿ ನಿಂತರೆ ಸೀಟು ಹಿಡಿಯೋರಿಲ್ಲ. ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಹೋಗಿ, ಯಾರೂ ಕೂರಲ್ಲ.

ಕಾಪಿಪುಡಿ
ಮೇಡಂ, ಪ್ರಶ್ನೆ ಕೇಳಿದವರು ಸಸ್ಯಾಹಾರಿ. ಓದಿ ಬರೆಯಿರಿ.

ಚೀಲಹೊತ್ತವಳು
ಮೊಟ್ಟೆ ನಡೆಯುತ್ತೆ ಅಂದಿದ್ದಾರಲ್ಲ, ಪೂರ್ತಿ ಓದಿ. ಟಿಶ್ಯೂಗೆ 50 ಸೆಂಟ್ ಕೊಟ್ಟ ಸಿಟ್ಟು ನನ್ನ ಮೇಲೆ ಯಾಕೆ?

ಜೋಳದರೊಟ್ಟಿ
ನಿಮ್ಮಿಬ್ಬರ ಜಗಳ ಇರ್ಲಿ, ಮೀನು ಮುಟ್ಟದವ್ರ ಪಾಡು ಕೇಳ್ರಿ. ರೋಜಾಕ್ ಅಂದ್ರ ಹಣ್ಣು-ಕಾಯಿಪಲ್ಲೆ ಕಲಸಿದ್ದು ಅಂತ ತಗೊಂಡೆ. ಆ ಕರೀ ಸಾಸಿನ್ಯಾಗ ಸೀಗಡಿ ಪೇಸ್ಟ್! ಎರಡ ತುತ್ತಿಗೆ 5 ಡಾಲರ್ ಕಸದ ಬುಟ್ಟಿಗೆ ಹೋತು. ಲಕ್ಸಾ ಅಂತ ನೂಡಲ್ಸ್ ಸಾರು, ಅದರಾಗ ಒಣ ಸೀಗಡಿ. ಸೊಪ್ಪಿನ ಪಲ್ಯ ಅಂತ ಕೊಟ್ರು, ಅದರಾಗೂ ಅದ. ಕಡೀಕ ನನ್ನ ಉಳಿಸಿದ್ದು ಚೀನೀಯರ ಬೌದ್ಧ ಸಸ್ಯಾಹಾರಿ ಅಂಗಡಿ. ಅನ್ನ ಹಾಕಸ್ಕೊಂಡು, ಗಾಜಿನ ಹಿಂದಿನ ಪಲ್ಯ ಬಟ್ಟು ಮಾಡಿ ತೋರಿಸಿದ್ರ ಮುಗೀತು. ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇರಂಗಿಲ್ಲ. ಬಾತುಕೋಳಿ ಹಂಗ ಕಾಣೋ ತುಂಡು ಇರ್ತಾವ, ಅವು ಸೋಯಾದ್ದು, ಹೆದರಬ್ಯಾಡ್ರಿ.

ಇನ್ನೊಂದು ಹೊಟ್ಟಿಉರಿ. ದೇಶದೊಳಗ ಹೋಗೂಕ ಮೊದಲು ತುಂಬೋ ಅರೈವಲ್ ಕಾರ್ಡಿಗೆ ಅಂತ ಯಾವ್ದೋ ವೆಬ್‌ಸೈಟ್ ನನ್ನ ಕಡೆ ರೊಕ್ಕ ಕಿತ್ತು. ಸರ್ಕಾರದ ಸೈಟಿನ್ಯಾಗ ಅದು ಪುಕ್ಕಟೆ ಐತ್ರಿ. ಎಂಆರ್‌ಟಿ ಮೆಟ್ರೋ ರೈಲಿಗೆ ನಮ್ಮ ದೇಶದ ಕಾರ್ಡ್ ಟ್ಯಾಪ್ ಮಾಡಿದ್ರ, ಓಡಾಡಿದ ದಿನಕ್ಕ 60 ಸೆಂಟ್ ಬ್ಯಾರೆ ಹಿಡೀತಾರ, ಮ್ಯಾಲ ಬ್ಯಾಂಕಿನವರ ಮಾರ್ಕಪ್. ಸ್ಟೇಟ್‌ಮೆಂಟ್ ನೋಡಿದ ಮ್ಯಾಲ ಗೊತ್ತಾತು.

ಅಲ್ಲೇಇರೋನು
ಇಲ್ಲಿ ಕೆಲಸ ಮಾಡ್ತಾ ವರ್ಷಗಳಾದವು, ಅದಕ್ಕೇ ಹೇಳ್ತೀನಿ. ಟಿಶ್ಯೂ ಇಟ್ಟು ಸೀಟು ಹಿಡಿಯೋದು ಪ್ರವಾಸಿಗರಿಗೆ ತಮಾಷೆ. ಬಿಸಿ ಸೂಪಿನ ಟ್ರೇ ಹಿಡಿದು, ಖಾಲಿ ಮೇಜಿನ ಪಕ್ಕ ನಿಂತ ವಯಸ್ಸಾದವರನ್ನ ಯಾರಾದರೂ ನೋಡ್ತೀರಾ? ಉಂಡ ಮೇಲೆ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗೋದು ಬೇರೆ. 2021ರಿಂದ ಟ್ರೇ ವಾಪಸ್ ಇಡೋದು ಕಡ್ಡಾಯ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ.

ಚೀಲಹೊತ್ತವಳು
ನಾನು ಟ್ರೇ ಬಿಟ್ಟು ಬಂದೆ ಅಂತ ಯಾರು ಹೇಳಿದ್ದು ಸರ್? ಸೀಟಿಗೆ ಟಿಶ್ಯೂ ಇಡೋದನ್ನ ನನಗೆ ಕಲಿಸಿದ್ದೇ ನಿಮ್ಮೂರ ಆಫೀಸಿನ ಜನ. ಹನ್ನೆರಡೂವರೆಗೆ ಹೋಗಿ ನೋಡಿ, ಮೇಜಿನ ಮೇಲೆ ಟಿಶ್ಯೂ, ಛತ್ರಿ, ಆಫೀಸ್ ಐಡಿ ಕಾರ್ಡ್ ಕೂಡ ಇರುತ್ತೆ.

ಅಲ್ಲೇಇರೋನು
ಐಡಿ ಕಾರ್ಡ್ ಇಡೋರು ಇಲ್ಲೇ ತೆರಿಗೆ ಕಟ್ಟೋರು.

ಕಾಪಿಪುಡಿ
ಪ್ರವಾಸಿಗರೂ ಕಟ್ತೀವಿ ಸರ್. ನನ್ನ 1.63 ಡಾಲರ್ ಜಿಎಸ್‌ಟಿ ರಸೀದಿ ಇನ್ನೂ ಪರ್ಸ್‌ನಲ್ಲಿದೆ, ಬೇಕಾದ್ರೆ ಫೋಟೋ ಹಾಕ್ತೀನಿ.

ಜೋಳದರೊಟ್ಟಿ
ಫೋಟೋ ಹಾಕ್ರಿ ಅಣ್ಣಾರ. ಥಾಲಿನ್ಯಾಗ ಏನೇನು ಇತ್ತು ಅದನ್ನೂ ಬರೀರಿ, 14 ಡಾಲರಿಗೆ ಹೋಳಿಗಿನಾದ್ರೂ ಹಾಕಿದ್ರೋ ಇಲ್ಲೋ?

ಕಾಪಿಪುಡಿ
ಎರಡು ಚಪಾತಿ. ಮೂರನೇದಕ್ಕೆ ಬೇರೆ ಚಾರ್ಜ್ ಅಂದರು, ಬೇಡ ಅಂದೆ.