ಮಳೆಕಾಡು, ಮಲೆ, ಅಭಯಾರಣ್ಯ: ಪುಷ್ಪಗಿರಿಗೆ ಬರುವವರಿಗೆ ಯಾವ ಪದ ಹೇಳೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕೊಡಗಿನ ಸೋಮವಾರಪೇಟೆ ಕಡೆ ಹೋಂಸ್ಟೇ ನಡೆಸುವ ನಾವು ಕೆಲವರು ಸೇರಿ ಕನ್ನಡದಲ್ಲಿ ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇವೆ. ಪುಷ್ಪಗಿರಿಯ ಕಾಡು ನೋಡಲು ಬರುವವರು ಮನೆ ಬಿಡುವ ಮೊದಲೇ ಓದಿಕೊಳ್ಳಲಿ ಅನ್ನುವುದು ಆಸೆ. ಯಾವ ತಿಂಗಳು ಬರಬೇಕು, ಪರವಾನಗಿ ಹೇಗೆ ಪಡೆಯಬೇಕು, ಏನು ತರಬೇಕು, ಏನನ್ನು ತರಲೇಬಾರದು, ಇಷ್ಟೇ ವಿಷಯ. ಮಾಹಿತಿ ಸಲೀಸಾಗಿ ಕೂಡಿ ಬಂತು. ತೊಡಕಾಗಿರುವುದು ಪದಗಳಲ್ಲಿ. ನಮ್ಮಲ್ಲಿ ಎಲ್ಲರೂ ದಿನಾ ಆಡುವ ಪದಗಳೇ ಇವು. ಆದರೆ ದಾವಣಗೆರೆಯವರೋ ಉಡುಪಿಯವರೋ ಓದಿದಾಗ ಬೇರೆಯೇ ಅರ್ಥ ಹುಟ್ಟುತ್ತದೆ. ನಿಮ್ಮ ಸಹಾಯ ಬೇಕು.

ಮೊದಲು 'ಪಾರ್ಕ್' ವಿಷಯ. ಫೋನ್ ಮಾಡುವವರಲ್ಲಿ ಜಾಸ್ತಿ ಜನ 'ಪಾರ್ಕ್ ಎಷ್ಟು ಗಂಟೆಗೆ ತೆರೆಯುತ್ತೆ, ಮಕ್ಕಳಿಗೆ ಆಡೋಕೆ ಜಾಗ ಇದೆಯಾ?' ಎಂದೇ ಕೇಳುತ್ತಾರೆ. ಅವರದ್ದೇನೂ ತಪ್ಪಿಲ್ಲ. 'ರಾಷ್ಟ್ರೀಯ ಉದ್ಯಾನ' ಎಂದು ಓದಿದವರ ಕಣ್ಣ ಮುಂದೆ ಲಾಲ್‌ಬಾಗ್ ಬರುತ್ತದೆ, ಇಲ್ಲವೇ ಮಡಿಕೇರಿಯ ರಾಜಾಸೀಟ್. ಹೂವಿನ ಪಾತಿ, ಕಲ್ಲುಬೆಂಚು, ಕಡಲೆಪುರಿ. ಉದ್ಯಾನ ಅಂದರೆ ಯಾರೋ ನೆಟ್ಟು ನೀರು ಹಾಕಿ ಬೆಳೆಸಿದ್ದು ತಾನೇ? ಯಾರೂ ನೆಡದ ಕಾಡಿಗೆ ಆ ಹೆಸರು ಹೇಗೆ ಒಗ್ಗುತ್ತದೆ?

ಈ ತೊಡಕು ಕನ್ನಡದ್ದು ಮಾತ್ರ ಅಲ್ಲ. ಮಲೇಷ್ಯಾದ ಹೆಸರಾಂತ ಮಳೆಕಾಡಿನ ಹೆಸರು 'ತಮನ್ ನೆಗಾರಾ'. ತಮನ್ ಅಂದರೆ ತೋಟ, ಉದ್ಯಾನ. ನೆಗಾರಾ ಅಂದರೆ ದೇಶ. (ನಮ್ಮ 'ನಗರ'ವೇ ಅಲ್ಲಿಗೆ ಹೋಗಿ ದೇಶವಾಗಿದೆ, ಎಷ್ಟು ಚಂದ ಅಲ್ವಾ?) 4,343 ಚದರ ಕಿಲೋಮೀಟರ್ ಹರಡಿದ ಆ ದಟ್ಟ ಕಾಡಿಗೂ ತೋಟದ ಹೆಸರೇ ಗಂಟುಬಿದ್ದಿದೆ.

ನಮ್ಮ ಮಟ್ಟಿಗೆ ಪುಷ್ಪಗಿರಿಯನ್ನು ಉದ್ಯಾನ ಅನ್ನುವುದು ಕಾನೂನಿನ ಪ್ರಕಾರವೂ ಸರಿಯಲ್ಲ. ಕೊಡಗಿಗೆ ಸೇರಿದ ರಾಷ್ಟ್ರೀಯ ಉದ್ಯಾನ ನಾಗರಹೊಳೆ ಒಂದೇ. ಅದನ್ನೂ ಮೈಸೂರು ಜಿಲ್ಲೆಯ ಜೊತೆ ಹಂಚಿಕೊಂಡಿದ್ದೇವೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ಬೇರೆ ದರ್ಜೆಯವು. ಆ ದರ್ಜೆಗೆ ಕನ್ನಡದಲ್ಲಿ ಎರಡು ಹೆಸರು ಓಡಾಡುತ್ತಿವೆ: 'ಅಭಯಾರಣ್ಯ' ಮತ್ತು 'ವನ್ಯಜೀವಿಧಾಮ'. ಪತ್ರಿಕೆಗಳಲ್ಲಿ ಎರಡೂ ಬರುತ್ತವೆ, ಬೋರ್ಡುಗಳಲ್ಲೂ ಎರಡೂ ಕಾಣುತ್ತವೆ.

'ಅಭಯಾರಣ್ಯ' ಕೇಳಲು ಸೊಗಸು. ಆದರೆ ಅಭಯ ಯಾರಿಗೆ? ಪದ ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಪ್ರಾಣಿಗಳು. ಬೇಟೆಗಾರನ ಭಯ ಇಲ್ಲದ ಕಾಡು ಅಂತ. ಓದುವ ಪ್ರವಾಸಿಗೆ ಅದು ತಿರುವುಮುರುವಾಗಿ ಕೇಳಿಸುತ್ತದೆ. 'ಅಭಯಾರಣ್ಯ ಅಂದ್ರೆ ನಮಗೆ ಭಯ ಇಲ್ಲ ತಾನೇ?' ಎಂದು ಹಿರಿಯರೊಬ್ಬರು ನಮ್ಮ ಜಗಲಿಯಲ್ಲಿ ಕೂತು ಕೇಳಿದ್ದರು. ಆನೆ ಓಡಾಡುವ ದಾರಿಯಲ್ಲಿ ಈ ಅರ್ಥ ಒಳ್ಳೆಯದಲ್ಲ. 'ವನ್ಯಜೀವಿಧಾಮ'ದಲ್ಲಿ ಮನೆ ಯಾರದು ಅನ್ನುವುದು ಮೊದಲ ಪದದಲ್ಲೇ ಗೊತ್ತಾಗುತ್ತದೆ. ಅದಕ್ಕೇ ನಾನು ಅದರ ಕಡೆ. ನಮ್ಮ ಗುಂಪಿನಲ್ಲಿ ಒಬ್ಬರು ಮಾತ್ರ ಒಪ್ಪುತ್ತಿಲ್ಲ. ಗಿರಿಧಾಮ, ವಿಶ್ರಾಂತಿಧಾಮ ಎಲ್ಲ ಕೇಳಿ ಕೇಳಿ 'ಧಾಮ' ಅಂದರೆ ರೆಸಾರ್ಟ್ ಎಂದೇ ಜನ ತಿಳಿಯುತ್ತಾರೆ ಅನ್ನುವುದು ಅವರ ವಾದ. ಪಕ್ಷಿಧಾಮ ಅನ್ನುವ ಪದ ರಂಗನತಿಟ್ಟಿನಿಂದಾಗಿ ಎಲ್ಲರಿಗೂ ಗೊತ್ತಿದೆಯಲ್ಲ ಅನ್ನುವುದು ನನ್ನ ಉತ್ತರ. ನೀವೇನು ಹೇಳುತ್ತೀರಿ?

ಇನ್ನು ನನ್ನನ್ನು ಜಾಸ್ತಿ ಕಾಡಿದ ಪದಕ್ಕೆ ಬರುತ್ತೇನೆ. ಈ ಕಾಡಿನ ಜಾತಿಗೆ ಏನನ್ನಬೇಕು?

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದು 'ನಿತ್ಯಹರಿದ್ವರ್ಣದ ಕಾಡು'. ಹರಿತ್ ಮತ್ತು ವರ್ಣ ಸೇರಿ ಹರಿದ್ವರ್ಣ, ಹಸಿರು ಬಣ್ಣ. ಸಂಧಿ ಬಿಡಿಸಿದರೆ ಅರ್ಥ ಸರಳವೇ. ಆದರೆ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬಿಟ್ಟುಬಿಡುತ್ತಾರೆ, ಕಣ್ಣಿಗೆ ಚಿತ್ರ ಕಟ್ಟುವುದಿಲ್ಲ. 'ನಿತ್ಯಹಸಿರು ಕಾಡು' ಅಂದರೆ ಸ್ವಲ್ಪ ವಾಸಿ. ಅಲ್ಲೂ ಒಂದು ಕೊರತೆ ಇದೆ. ವರ್ಷವಿಡೀ ಹಸಿರಾಗಿರುವ ಕಾಡೆಲ್ಲ ಮಳೆಯ ಕಾಡಲ್ಲ. ಹಿಮಾಲಯದ ದೇವದಾರು ಕಾಡೂ ನಿತ್ಯಹಸಿರು, ಪೂರ್ವ ಕರಾವಳಿಯಲ್ಲಿ ಒಣಹವೆಯ ನಿತ್ಯಹಸಿರು ಕಾಡೂ ಇದೆ. ಎಲೆ ಒಟ್ಟಿಗೆ ಉದುರುವುದಿಲ್ಲ ಅನ್ನುವುದನ್ನಷ್ಟೇ ಈ ಪದ ಹೇಳುತ್ತದೆ. ಪ್ರವಾಸಿ ಬೂಟು ಆರಿಸಲು, ಚೀಲ ತುಂಬಲು ಅದರಿಂದ ಏನೂ ಉಪಯೋಗವಿಲ್ಲ.

'ಮಳೆಕಾಡು' ಆ ಕೆಲಸ ಮಾಡುತ್ತದೆ. ಮಳೆ ಅನ್ನುವುದು ಹೆಸರಲ್ಲೇ ಇದೆ, ಓದಿದವರು ಕೊಡೆ, ರೈನ್‌ಕೋಟು ನೆನಪಿಸಿಕೊಳ್ಳುತ್ತಾರೆ. ಪದ ಹೊಸದು, ನಿಜ. ಜರ್ಮನ್ ಸಸ್ಯವಿಜ್ಞಾನಿ ಶಿಂಪರ್ 1898ರಲ್ಲಿ ಬಳಕೆಗೆ ತಂದ 'ರೇಗೆನ್‌ವಾಲ್ಡ್' ಅನ್ನುವ ಪದದಲ್ಲೂ ಮಳೆ ಮತ್ತು ಕಾಡು ಎರಡೇ ಇವೆ. ಅದೇ ಹಲವು ಭಾಷೆಗಳಿಗೂ ಹರಡಿತು. ಕನ್ನಡದಲ್ಲಿ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದ ಸುದ್ದಿಗಳಿಂದ ಜನರ ಕಿವಿಗೆ ಬಿದ್ದಿದೆ. ಎರಡೂ ನಮ್ಮವೇ ಪದಗಳಾದ್ದರಿಂದ ಹೊರಗಿನದ್ದು ಅನ್ನಿಸುವುದೂ ಇಲ್ಲ.

ಆದರೂ ಹಳೆಯ ಪದ ಇರುವಾಗ ಹೊಸದು ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ಕನ್ನಡ, ಶಿವಮೊಗ್ಗದ ಕಡೆ 'ಕಾನು' ಇದೆ. ಬಿಸಿಲು ಇಳಿಯದ, ತೇವ ಆರದ ಕಾಡಿಗೆ ಅದಕ್ಕಿಂತ ಹೊಂದುವ ಪದ ಸಿಗಲಾರದು. ನಮ್ಮ ಕಡೆ ಆ ಪದದ ಬಳಕೆ ಕಡಿಮೆ. ಇಲ್ಲಿ ಇರುವುದು 'ಮಲೆ'. ಮಲೆ ಅಂದರೆ ಬೆಟ್ಟ ಎಂದು ನಿಘಂಟು ಮೊದಲ ಅರ್ಥ ಕೊಡುತ್ತದೆ. ಕೊಡಗಿನಲ್ಲಿ ಅದು ಬೆಟ್ಟದ ಮೇಲಿನ ಕಾಡೂ ಹೌದು. ಘಟ್ಟದ ಒದ್ದೆ ಕಾಡಿನ ನೆರಳಲ್ಲಿ ಏಲಕ್ಕಿ ಬೆಳೆಯುವ ಜಾಗಕ್ಕೆ 'ಏಲಕ್ಕಿ ಮಲೆ' ಎಂದೇ ಹೆಸರು. ಏಲಕ್ಕಿಗೆ ನೆರಳು, ತೇವ, ಕೊಳೆತ ಎಲೆಯ ಮಣ್ಣು ಮೂರೂ ಬೇಕು. ಅಂದರೆ ಏಲಕ್ಕಿ ಮಲೆ ಅಂದವರು ಮಳೆಕಾಡನ್ನೇ ಹೇಳುತ್ತಿದ್ದರು. ಧೂಪ, ಹೆಬ್ಬಲಸು, ನಾಗಸಂಪಿಗೆ, ರಾಮಪತ್ರೆ, ಕೆಳಗೆ ಬೆತ್ತದ ಪೊದೆ. ಆ ಕಾಡನ್ನು ನೋಡಿದವರಿಗೆ 'ಮಲೆ' ಅನ್ನುವ ಎರಡು ಅಕ್ಷರ ಸಾಕು.

ಇಲ್ಲಿ ಒಂದು ಸೋಜಿಗ. ಮಲೆಕಾಡು, ಮಳೆಕಾಡು. ಕೈಬರಹದಲ್ಲಿ ಒಂದು ಅಕ್ಷರ ಆಚೀಚೆ ಆದರೆ ಮುಗಿಯಿತು. ಎರಡೂ ಒಂದೇ ಬೇರಿನ ಪದ ಇರಬಹುದೇ ಎಂದು ನಮ್ಮ ಗುಂಪಿನಲ್ಲೇ ಕೇಳಿದರು. ಅಲ್ಲ. ಹಳಗನ್ನಡದಲ್ಲಿ ಮಳೆಯನ್ನು 'ಮೞೆ' ಎಂದು ಬರೆಯುತ್ತಿದ್ದರು, ಆ ಅಕ್ಷರ ಈಗ ಬಳಕೆಯಲ್ಲಿಲ್ಲ. ಮಲೆಯಲ್ಲಿ ಇರುವುದು ಸಾದಾ ಲಕಾರ. ತಮಿಳು, ಮಲಯಾಳಗಳಲ್ಲಿ ಇಂದಿಗೂ ಈ ಎರಡು ಉಚ್ಚಾರ ಬೇರೆ ಬೇರೆಯೇ ಉಳಿದಿವೆ. ಬೇರು ಬೇರೆಯಾದರೂ ನಮ್ಮ ಘಟ್ಟದಲ್ಲಿ ಎರಡೂ ಒಂದೇ ಜಾಗಕ್ಕೆ ಬಂದು ಸೇರಿವೆ. ಅರಬ್ಬಿ ಸಮುದ್ರದಿಂದ ಬಂದ ಮೋಡಕ್ಕೆ ಮಲೆ ಅಡ್ಡ ನಿಲ್ಲುವುದರಿಂದಲೇ ಇಲ್ಲಿ ಇಷ್ಟು ಮಳೆ.

ಸದ್ಯಕ್ಕೆ ತಲೆಬರಹದಲ್ಲಿ 'ಮಳೆಕಾಡು' ಇಟ್ಟು, ಒಳಗೆ ಒಂದು ಸಾಲಿನಲ್ಲಿ 'ಕೊಡಗಿನಲ್ಲಿ ಇದನ್ನು ಮಲೆ ಅನ್ನುತ್ತಾರೆ' ಎಂದು ಬರೆದಿದ್ದೇನೆ. ಈ ಪದ ಸರಿಯಾಗಿ ಕೂತರೆ ಇನ್ನೊಂದು ಲಾಭ ಇದೆ. ಹುಲಿ, ಆನೆ ನೋಡಬೇಕು ಎಂದು ಬರುವವರಿಗೆ ಮೊದಲೇ ದಾರಿ ತೋರಿಸಬಹುದು. ನಾಗರಹೊಳೆಯ ಬಹುಪಾಲು ಎಲೆ ಉದುರುವ ಕಾಡು. ಬೇಸಿಗೆಯಲ್ಲಿ ತೆರೆದುಕೊಳ್ಳುತ್ತದೆ, ನಡುವೆ ಹುಲ್ಲಿನ ಹಡ್ಲು (ತೇವದ ಬಯಲು) ಇದೆ, ಜೀಪಿನಲ್ಲಿ ಕೂತು ಪ್ರಾಣಿ ನೋಡಬಹುದು. ಮಳೆಕಾಡಿನಲ್ಲಿ ಹತ್ತು ಹೆಜ್ಜೆ ಆಚೆಗಿನ ಆನೆಯೂ ಕಾಣುವುದಿಲ್ಲ. ಅಲ್ಲಿ ನೋಡಬೇಕಾದ್ದು ಮರ, ಹಾವಸೆ, ಕಪ್ಪೆ, ಹುಳ, ತಲೆಯ ಮೇಲೆ ಹಾರುವ ಮಂಗಟ್ಟೆ. ಇದು ಗೊತ್ತಿಲ್ಲದೆ ಬಂದವರು 'ಏನೂ ಇಲ್ಲ ಇಲ್ಲಿ' ಎಂದು ಹೊರಟುಹೋದರೆ ನನಗೆ ನಿಜವಾಗಿಯೂ ಸಂಕಟ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆಯ್ದುಕೊಂಡ ತಾಣಗಳಲ್ಲಿ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ಇವೆ. ಏನೂ ಇಲ್ಲದ ಕಾಡು ಆ ಪಟ್ಟಿಗೆ ಹೋಗುತ್ತದೆಯೇ?

ಬೆಟ್ಟದ ಹೆಸರಲ್ಲೂ ಗೊಂದಲ ಇದೆ, ಬೇಗ ಹೇಳಿ ಮುಗಿಸುತ್ತೇನೆ. 1,712 ಮೀಟರ್ ಎತ್ತರದ ಶಿಖರ ನಮಗೆ ಪುಷ್ಪಗಿರಿ, ಸುಬ್ರಹ್ಮಣ್ಯದ ಕಡೆಯವರಿಗೆ ಕುಮಾರ ಪರ್ವತ, ಚಾರಣದ ಹುಡುಗರಿಗೆ 'ಕೆಪಿ'. ಮೂರೂ ಒಂದೇ. ಕೈಪಿಡಿಯಲ್ಲಿ ಮೂರನ್ನೂ ಹಾಕುತ್ತೇವೆ.

ಒಳಗೆ ಹೋಗಲು ಬೇಕಾದ ಕಾಗದಕ್ಕೆ ಯಾವ ಪದ? ಟಿಕೆಟ್, ಪಾಸ್, ಅನುಮತಿ, ಅಪ್ಪಣೆ, ಪರವಾನಗಿ. 'ಅನುಮತಿ' ಬಾಯಿಮಾತಿನಲ್ಲೂ ಸಿಗುವಂಥದ್ದು. ಗೇಟಿನ ಹತ್ತಿರ ಗಾರ್ಡ್‌ಗೆ 'ಸ್ವಲ್ಪ ಬಿಡಿ ಅಣ್ಣ' ಅಂದರೆ ಆಯಿತು ಎಂದುಕೊಳ್ಳುತ್ತಾರೆ. 'ಟಿಕೆಟ್' ಅಂದರೆ ದುಡ್ಡು ಕೊಟ್ಟರೆ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಧಾಮದೊಳಗೆ ಹೊರಗಿನವರು ಕಾಲಿಡಲು ಕಾರಣ ಬೇಕು. ಅಧ್ಯಯನ, ಫೋಟೋಗ್ರಫಿ, ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರ ಜೊತೆಗಿನ ವ್ಯವಹಾರ, ಹೀಗೆ. ಆ ಕಾರಣಕ್ಕೆ ಷರತ್ತಿನ ಮೇಲೆ ಬರೆದುಕೊಡುವ ಕಾಗದ ಅದು. ಹಾಗಾಗಿ 'ಪರವಾನಗಿ'ಯೇ ಸರಿ ಅನ್ನಿಸುತ್ತದೆ. ಲೈಸೆನ್ಸಿಗೂ ಅದೇ ಪದ ಇರುವುದರಿಂದ ನಿಯಮ ಮುರಿದರೆ ಹೋಗುತ್ತದೆ ಅನ್ನುವ ಭಾವ ತಾನಾಗೇ ಬರುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಚಾರಣ ನಿಲ್ಲಿಸಿ, ಆಮೇಲೆ ಮುಂಗಡವಾಗಿ ಆನ್‌ಲೈನ್‌ನಲ್ಲೇ ಕಾದಿರಿಸುವ ಪದ್ಧತಿ ಬಂತು. ಈಗ ಗೇಟಿಗೆ ಬಂದು ಕೇಳಿಕೊಳ್ಳುವ ಕಾಲ ಅಲ್ಲ. ಆ ಜಾಲತಾಣದ ಹೆಸರು 'ಅರಣ್ಯ ವಿಹಾರ'. ಹೆಸರು ಇಂಪಾಗಿದೆ. 'ವಿಹಾರ' ಅಂದರೆ ಸಂಜೆಯ ವಾಯುವಿಹಾರ ಎಂದು ಚಪ್ಪಲಿಯಲ್ಲಿ ಬರುವವರು ಇರಬಾರದು ಅಷ್ಟೇ. ಅದಕ್ಕೆ ಪಕ್ಕದಲ್ಲೇ 'ಕಡಿದಾದ ಏರು, ಇಡೀ ದಿನದ ನಡಿಗೆ' ಎಂದು ಸೇರಿಸಿದ್ದೇವೆ.

ಕಾಲದ ಲೆಕ್ಕವೂ ಹಾಗೇ. ನಾವು 'ಕಕ್ಕಡದಲ್ಲಿ ಬರಬೇಡಿ' ಅನ್ನುತ್ತೇವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಮಳೆ ಬಿಡುವುದೇ ಇಲ್ಲ. ಹೊರಗಿನವರಿಗೆ ಕಕ್ಕಡ ಗೊತ್ತಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಬನ್ನಿ ಅಂದರೂ ಅಷ್ಟೇ. ಇಂಗ್ಲಿಷ್ ತಿಂಗಳ ಜೊತೆ ಇವನ್ನೂ ಬರೆಯುವುದು ಅಂತ ತೀರ್ಮಾನ ಆಗಿದೆ. ಬಂದವರು ಎರಡು ಪದ ಕಲಿತು ಹೋಗಲಿ. 'ತೋಡು' ಮಾತ್ರ ಬಿಟ್ಟಿದ್ದೇವೆ. ಮಳೆಗಾಲದಲ್ಲಿ ತೋಡು ದಾಟಬೇಡಿ ಎಂದರೆ ನಮಗೆ ಗೊತ್ತು. ಚಿತ್ರದುರ್ಗದವರಿಗೆ ತೋಡು ಅಂದರೆ ಬಾವಿ ತೋಡುವುದು. 'ಹಳ್ಳ' ಅಂದರೆ ಬೆಂಗಳೂರಿನವರಿಗೆ ರಸ್ತೆಯ ಗುಂಡಿ. 'ಸಣ್ಣ ಹೊಳೆ' ಎಂದು ಬರೆದೆವು. ಜಿಗಣೆಗೆ ಮಲೆನಾಡಿನ 'ಉಂಬಳ'ವನ್ನೂ ಪಕ್ಕದಲ್ಲಿ ಇಟ್ಟಿದ್ದೇವೆ, ಕೆರೆಯ ಜಿಗಣೆ ಬೇರೆ, ಎಲೆಯ ಮೇಲೆ ಕಾಯುವುದು ಬೇರೆ ಎಂದು ತಿಳಿಯಲಿ.

ಕೊನೆಯದು 'ಹಾಡಿ'. ಇದಕ್ಕೆ ದಯವಿಟ್ಟು ಎಲ್ಲಕ್ಕಿಂತ ಮೊದಲು ಉತ್ತರ ಕೊಡಿ.

ಕೈಪಿಡಿಯಲ್ಲಿ ನಾಗರಹೊಳೆಗೂ ಒಂದು ಪುಟ ಇದೆ. ಅಲ್ಲಿ 'ಹಾಡಿಯೊಳಗೆ ಹೋಗಬೇಡಿ, ಫೋಟೋ ತೆಗೆಯಬೇಡಿ' ಎಂಬ ಸಾಲು ಇದೆ. ಕೊಡಗು, ಹೆಗ್ಗಡದೇವನಕೋಟೆ ಕಡೆ ಹಾಡಿ ಅಂದರೆ ಜೇನುಕುರುಬರು, ಬೆಟ್ಟಕುರುಬರು, ಯರವರು ವಾಸಿಸುವ ಊರು. ಮನೆ, ಅಂಗಳ, ಮಕ್ಕಳು ಇರುವ ಜಾಗ. ಕುಂದಾಪುರ, ಉಡುಪಿ ಕಡೆ ಹಾಡಿ ಅಂದರೆ ಮರಗಳ ತೋಪು, ಚಿಕ್ಕ ಕಾಡು. ಅಲ್ಲಿನ ಓದುಗರು 'ಕಾಡಿನ ಫೋಟೋ ತೆಗೆದರೆ ಏನು ತಪ್ಪು?' ಎಂದು ಕೇಳುತ್ತಾರೆ. ಒಮ್ಮೆ ಒಂದು ಕುಟುಂಬ ತೋಪು ಎಂದುಕೊಂಡು ನೇರ ಅಂಗಳಕ್ಕೇ ನಡೆದುಬಿಟ್ಟಿತ್ತು. ಅವರಿಗೂ ಮುಜುಗರ, ಮನೆಯವರಿಗೂ ಮುಜುಗರ.

'ಗಿರಿಜನ ಕಾಲೊನಿ' ಅನ್ನುವ ಸರಕಾರಿ ಪದ ನನಗೆ ಇಷ್ಟವಿಲ್ಲ, ಅಲ್ಲಿನವರೇ ತಮ್ಮ ಊರನ್ನು ಹಾಡಿ ಅನ್ನುವಾಗ ಅದನ್ನು ಅಳಿಸುವುದು ಸರಿಯಲ್ಲ. 'ಹಾಡಿ (ಜನವಸತಿ)' ಎಂದು ಬರೆದರೆ ಕಚೇರಿಯ ನೋಟಿಸಿನಂತೆ ಕಾಣುತ್ತದೆ. 'ಹಾಡಿಯ ಮನೆಗಳ ಕಡೆ ಕರೆಯದೆ ಹೋಗಬೇಡಿ' ಎಂದು ತಿದ್ದಿ ನೋಡಿದೆ. ಮನೆ ಅನ್ನುವ ಪದ ಬಂದರೆ ಕುಂದಾಪುರದವರಿಗೂ ಅರ್ಥ ಆದೀತು ಅಂತ. ಕರಾವಳಿಯ ಓದುಗರು ಈ ಸಾಲನ್ನು ಓದಿ, ನಿಮಗೆ ತೋಪು ಕಾಣಿಸಿತೋ ಊರು ಕಾಣಿಸಿತೋ ಎಂದು ತಿಳಿಸಿ. ಶಿವಮೊಗ್ಗ, ಚಿಕ್ಕಮಗಳೂರಿನವರು ನಿಮ್ಮಲ್ಲಿ ಹಾಡಿಗೆ ಯಾವ ಅರ್ಥ ಅನ್ನುವುದನ್ನೂ ಬರೆಯಿರಿ. ಮಳೆ ನಿಂತು ದಾರಿ ತೆರೆಯುವ ಹೊತ್ತಿಗೆ ಕೈಪಿಡಿ ಅಚ್ಚಾಗಬೇಕು. ಅದಕ್ಕೆ ಮೊದಲು ಈ ಸಾಲೊಂದನ್ನು ಸರಿ ಮಾಡಿಕೊಳ್ಳಲೇಬೇಕು.