ಪದಚರ್ಚೆ: ಕಂಪ್ಯೂಟರ್ ‘ಆರಿಸಿ’ ಎಂದರೆ ಏನು ಮಾಡಬೇಕು?

ಪ್ರಶ್ನೆ

ಬಲ್ಲವರಲ್ಲಿ ಒಂದು ವಿಚಾರಣೆ. ಮನೆಯಲ್ಲಿ, ಚಿಕ್ಕ ಕಚೇರಿಗಳಲ್ಲಿ ಕಂಪ್ಯೂಟರ್ ಬಳಸುವವರಿಗಾಗಿ ಒಂದು ಕಿರುಕೈಪಿಡಿ ಸಿದ್ಧವಾಗುತ್ತಿದೆ. ಮೊದಲ ಅಧ್ಯಾಯದಲ್ಲೇ ಪದಗಳು ತೊಡಕಾಗಿವೆ. ‘ಷಟ್‌ಡೌನ್’ಗೆ ‘ಆರಿಸಿ’ ಎಂದು ಬರೆದಿದ್ದೇವೆ. ಅದೇ ಪುಟದಲ್ಲಿ ‘ಮೆನುವಿನಿಂದ ಆರಿಸಿ’ ಎಂಬ ಮಾತೂ ಇದೆ. ‘ಮುಚ್ಚಿ’ ಎಂದರೆ ವಿಂಡೋ ಮುಚ್ಚುವುದೋ, ಲ್ಯಾಪ್‌ಟಾಪ್ ಮಡಚುವುದೋ, ಯಂತ್ರವನ್ನೇ ನಿಲ್ಲಿಸುವುದೋ ಓದುಗರಿಗೆ ತಿಳಿಯುವುದಿಲ್ಲ. ‘ರೀಸ್ಟಾರ್ಟ್’, ‘ರೀಬೂಟ್’, ‘ರೀಸೆಟ್’ ಮೂರಕ್ಕೂ ‘ಮರು’ ಹಚ್ಚಿದ ಪದಗಳೇ ಬಂದಿವೆ: ಮರುಪ್ರಾರಂಭ, ಮರುಚಾಲನೆ, ಮರುಹೊಂದಿಕೆ. ಇವುಗಳ ನಡುವಿನ ನಿಜವಾದ ವ್ಯತ್ಯಾಸವೇನು? ‘ಸ್ಲೀಪ್’ಗೆ ನಿದ್ದೆ, ‘ಹೈಬರ್ನೇಟ್’ಗೆ ಗಾಢನಿದ್ದೆ ಎಂದರೆ ನಡೆದೀತೇ? ಕೈಪಿಡಿ ಮುಖ್ಯವಾಗಿ ವಿಂಡೋಸ್ 10, 11 ಬಳಸುವವರಿಗೆ.

ಉತ್ತರ 1

‘ಆರಿಸು’ ಬಿಡುವುದೇ ಒಳ್ಳೆಯದು. ದೀಪ ಆರುವ, ಬಟ್ಟೆ ಆರುವ ‘ಆರು’ ಹಳಗನ್ನಡದಲ್ಲಿ ಶಕಟರೇಫದ (ಹಳೆಯ ‘ಱ’ ಅಕ್ಷರದ) ‘ಆಱು’. ಆಯ್ದುಕೊಳ್ಳುವ ‘ಆರಿಸು’ ಬೇರೆಯೇ ಪದ. ಇಂದು ಎರಡೂ ಒಂದೇ ರೂಪಕ್ಕೆ ಬಂದು ನಿಂತಿವೆ. ‘ಪ್ರಿಂಟರ್ ಆರಿಸಿ’ ಎಂಬ ಸೂಚನೆಯನ್ನು ಪಟ್ಟಿಯಿಂದ ಪ್ರಿಂಟರ್ ಆಯ್ದುಕೊಳ್ಳುವುದು ಎಂದೂ ಓದಬಹುದು, ಪ್ರಿಂಟರ್ ಆಫ್ ಮಾಡುವುದು ಎಂದೂ ಓದಬಹುದು. ಆಯ್ಕೆಗೆ ‘ಆಯ್ದುಕೊಳ್ಳಿ’, ವಿದ್ಯುತ್ ನಿಲ್ಲಿಸುವುದಕ್ಕೆ ‘ಆಫ್ ಮಾಡಿ’ ಎಂದು ಬರೆದರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ. ‘ಬಂದ್ ಮಾಡಿ’ ಎಂದರೂ ಸರಿ, ಎಲ್ಲೆಡೆ ಅರ್ಥವಾಗುತ್ತದೆ.

ಉಳಿದ ಪದಗಳಿಗೆ ನಿಘಂಟಿಗಿಂತ ಒಂದು ಪ್ರಶ್ನೆ ಹೆಚ್ಚು ಉಪಯೋಗ: ಈ ಕೆಲಸ ಮಾಡಿದ ಮೇಲೆ ಏನು ಉಳಿಯುತ್ತದೆ, ಏನು ಹೋಗುತ್ತದೆ? ಓದುಗರಿಗೆ ಬೇಕಾದದ್ದೂ ಅದೇ.

ಮೊದಲು ಷಟ್‌ಡೌನ್ ಮತ್ತು ರೀಸ್ಟಾರ್ಟ್. ಷಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಅದೇ ರೀಸ್ಟಾರ್ಟ್ ಎಂದು ಬಹುಮಂದಿ ತಿಳಿದಿದ್ದಾರೆ. ವಿಂಡೋಸ್‌ನಲ್ಲಿ 2012ರ ವಿಂಡೋಸ್ 8ರಿಂದೀಚೆಗೆ ಹಾಗಿಲ್ಲ. ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಬಹುತೇಕ ಯಂತ್ರಗಳಲ್ಲಿ ಮೊದಲೇ ಆನ್ ಆಗಿರುತ್ತದೆ. ಅದು ಆನ್ ಇದ್ದಾಗ ಷಟ್‌ಡೌನ್ ಮಾಡಿದರೆ ನಿಮ್ಮ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳು ಮತ್ತು ವೈಫೈ, ಪರದೆಯಂಥ ಭಾಗಗಳನ್ನು ನಡೆಸುವ ಡ್ರೈವರ್‌ಗಳು ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಬರೆದುಕೊಂಡು ಕೂರುತ್ತವೆ. ಮರುದಿನ ಆನ್ ಮಾಡಿದಾಗ ಅದೇ ಹಳೆಯ ಸ್ಥಿತಿ ಮೇಲೇಳುತ್ತದೆ. ಕೈಕೊಟ್ಟ ಡ್ರೈವರ್ ಕೈಕೊಟ್ಟ ಹಾಗೆಯೇ ಇರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಬುಡದಿಂದ ಲೋಡ್ ಆಗುತ್ತದೆ. ‘ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೂ ವೈಫೈ ಸರಿಹೋಗಲಿಲ್ಲ, ರೀಸ್ಟಾರ್ಟ್ ಮಾಡಿದರೆ ಸರಿಹೋಯಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಪರೀಕ್ಷಿಸುವುದು ಸುಲಭ. ಕಂಟ್ರೋಲ್, ಷಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ನಲ್ಲಿ ‘ಸಿಪಿಯು’ ಒತ್ತಿ ‘ಅಪ್ ಟೈಮ್’ ನೋಡಿ. ದಿನವೂ ಷಟ್‌ಡೌನ್ ಮಾಡುವ ಯಂತ್ರದಲ್ಲೂ ಅದು ಹಲವು ದಿನಗಳನ್ನು ತೋರಿಸಿದರೆ ಫಾಸ್ಟ್ ಸ್ಟಾರ್ಟಪ್ ಆನ್ ಇದೆ ಎಂದರ್ಥ. ಒಂದು ಸಲಕ್ಕೆ ಪೂರ್ತಿ ಷಟ್‌ಡೌನ್ ಬೇಕಿದ್ದರೆ ಷಿಫ್ಟ್ ಕೀಲಿ ಹಿಡಿದುಕೊಂಡೇ ‘ಷಟ್‌ಡೌನ್’ ಕ್ಲಿಕ್ ಮಾಡಬೇಕು. ಕಾಯಂ ಆಗಿ ಬೇಡವೆಂದರೆ ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ನಲ್ಲಿ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ತೆರೆಯಿರಿ. ಅಲ್ಲಿ ಕೆಳಗಿನ ಗುರುತುಗಳು ಮಂಕಾಗಿ, ಬದಲಿಸಲು ಬಾರದಂತೆ ಇರುತ್ತವೆ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಕೊಂಡಿಯನ್ನು ಒತ್ತಿದ ಮೇಲಷ್ಟೇ ಫಾಸ್ಟ್ ಸ್ಟಾರ್ಟಪ್‌ನ ಗುರುತನ್ನು ತೆಗೆದುಹಾಕಲು ಬರುತ್ತದೆ. ಅನೇಕರು ಸೋಲುವುದು ಈ ಹೆಜ್ಜೆಯಲ್ಲೇ, ಕೈಪಿಡಿಯಲ್ಲಿ ಬಿಡಬೇಡಿ. ಒಂದೇ ಯಂತ್ರದಲ್ಲಿ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯನ್ನೂ ಇಟ್ಟುಕೊಂಡವರು ಇದನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ವಿಂಡೋಸ್ ಇರುವ ಭಾಗಕ್ಕೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ.

ಹಾಗಾಗಿ ‘ಆಫ್ ಮಾಡಿ ಆನ್ ಮಾಡಿ’ ಎಂಬುದನ್ನು ‘ರೀಸ್ಟಾರ್ಟ್’ನ ವಿವರಣೆಯಾಗಿ ಬರೆಯಬೇಡಿ. ರೂಟರ್‌ಗೆ, ಪ್ರಿಂಟರ್‌ಗೆ ಅದು ಸರಿ, ವಿಂಡೋಸ್‌ಗೆ ತಪ್ಪು. ‘ರೀಬೂಟ್’ ಮತ್ತು ‘ರೀಸ್ಟಾರ್ಟ್’ ಯಂತ್ರದ ಮಟ್ಟಿಗೆ ಒಂದೇ. ಎರಡು ಕನ್ನಡ ಪದಗಳನ್ನು ಕಟ್ಟಿದರೆ ಇಲ್ಲದ ವ್ಯತ್ಯಾಸವೊಂದು ಹುಟ್ಟುತ್ತದೆ.

ಇನ್ನು ನಿದ್ದೆ. ‘ಗಾಢನಿದ್ದೆ’ ಕೇಳಲು ಚೆಂದ, ಆದರೆ ಇವೆರಡರ ನಡುವೆ ಇರುವುದು ಆಳದ ವ್ಯತ್ಯಾಸವಲ್ಲ. ಸ್ಲೀಪ್‌ನಲ್ಲಿ ತೆರೆದಿದ್ದ ಕೆಲಸವೆಲ್ಲ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿರುತ್ತದೆ, ರ‍್ಯಾಮ್‌ಗೆ ಕರೆಂಟ್ ಬೇಕೇ ಬೇಕು. ಕರೆಂಟ್ ಹೋದರೆ, ಬ್ಯಾಟರಿ ಪೂರ್ತಿ ಇಳಿದರೆ, ಉಳಿಸದ ಕೆಲಸ ಹೋಯಿತು. ಹೈಬರ್ನೇಟ್‌ನಲ್ಲಿ ಅದೆಲ್ಲ ಡಿಸ್ಕ್‌ನಲ್ಲಿರುವ ಒಂದು ಫೈಲ್‌ಗೆ ಹೋಗಿ ಯಂತ್ರ ನಿಜವಾಗಿ ಆಫ್ ಆಗುತ್ತದೆ. ಪ್ಲಗ್ ಕಿತ್ತರೂ ಚಿಂತೆಯಿಲ್ಲ. ಆ ಫೈಲ್ ರ‍್ಯಾಮ್‌ನ ಸುಮಾರು 40 ಶೇಕಡಾದಷ್ಟು ಜಾಗ ಹಿಡಿಯುತ್ತದೆ, ಅಂದರೆ 16 ಜಿಬಿ ರ‍್ಯಾಮ್‌ಗೆ 6 ಜಿಬಿ ದಾಟುತ್ತದೆ. ಡಿಸ್ಕ್ ಚಿಕ್ಕದಿದ್ದರೆ ಲೆಕ್ಕದಲ್ಲಿರಲಿ. ‘ಶಿಶಿರನಿದ್ರೆ’ ಎಂಬ ಜೀವಶಾಸ್ತ್ರದ ಪದ ನೇರ ಸಮಾನಾರ್ಥಕವೇನೋ ಹೌದು, ಆದರೆ ಕರೆಂಟ್ ಬೇಕೋ ಬೇಡವೋ ಎಂಬುದನ್ನು ಅದೂ ಹೇಳುವುದಿಲ್ಲ. ‘ಸ್ಲೀಪ್: ಕರೆಂಟ್ ಬೇಕು, ಕ್ಷಣದಲ್ಲಿ ಏಳುತ್ತದೆ. ಹೈಬರ್ನೇಟ್: ಕರೆಂಟ್ ಬೇಡ, ಏಳಲು ಸ್ವಲ್ಪ ತಡ’ ಎಂದು ಮೊದಲ ಸಲ ಬಂದಲ್ಲಿ ಬರೆದು, ಆಮೇಲೆ ಪರದೆಯ ಮೇಲಿರುವ ಪದವನ್ನೇ ಕನ್ನಡ ಲಿಪಿಯಲ್ಲಿ ಬಳಸಿ.

ಡೆಸ್ಕ್‌ಟಾಪ್‌ಗಳಲ್ಲಿ ‘ಹೈಬ್ರಿಡ್ ಸ್ಲೀಪ್’ ಎಂಬುದಿರುತ್ತದೆ: ರ‍್ಯಾಮ್‌ನಲ್ಲೂ ಇಟ್ಟು ಡಿಸ್ಕ್‌ಗೂ ಬರೆಯುತ್ತದೆ. ಅದು ಆನ್ ಇದ್ದರೆ ಕರೆಂಟ್ ಹೋದರೂ ಕೆಲಸ ಉಳಿಯುತ್ತದೆ. ಲ್ಯಾಪ್‌ಟಾಪ್ ಮಡಚಿದರೆ ಸಾಮಾನ್ಯವಾಗಿ ಆಗುವುದು ಸ್ಲೀಪ್ ಮಾತ್ರ. ಹೊಸ ಮಾದರಿಗಳಲ್ಲಿ ಅದೂ ಅರೆನಿದ್ದೆ. ಮೇಲ್, ಅಪ್‌ಡೇಟ್ ಅಂತ ನಡುನಡುವೆ ಎದ್ದು ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಇಳಿಸುತ್ತದೆ. ಚೀಲಕ್ಕೆ ಹಾಕುವ ಮುಂಚೆ ಹೈಬರ್ನೇಟ್ ಮಾಡುವುದು ಲೇಸು. ಪವರ್ ಮೆನುವಿನಲ್ಲಿ ಹೈಬರ್ನೇಟ್ ಕಾಣದಿದ್ದರೆ ಮೇಲೆ ಹೇಳಿದ ಅದೇ ಪುಟದಲ್ಲಿ ಅದಕ್ಕೊಂದು ಗುರುತು ಹಾಕುವ ಚೌಕವಿದೆ.

‘ಮುಚ್ಚು’ ಪದವನ್ನು ವಿಂಡೋಗಷ್ಟೇ ಮೀಸಲಿಡಿ. ಆದರೆ ವಿಂಡೋ ಮುಚ್ಚಿದರೆ ಪ್ರೋಗ್ರಾಂ ನಿಂತಿತು ಎಂದಲ್ಲ. ಕೆಲವು ಪ್ರೋಗ್ರಾಂಗಳು ಗಡಿಯಾರದ ಪಕ್ಕದ ಚಿಕ್ಕ ಚಿತ್ರವಾಗಿ ಉಳಿದುಕೊಂಡು ಓಡುತ್ತಲೇ ಇರುತ್ತವೆ. ಆ ಚಿತ್ರದ ಮೇಲೆ ಬಲಕ್ಲಿಕ್ ಮಾಡಿ ‘ಎಕ್ಸಿಟ್’ ಅಥವಾ ‘ಕ್ವಿಟ್’ ಕೊಟ್ಟಾಗ ನಿಲ್ಲುತ್ತವೆ. ಮ್ಯಾಕ್‌ನಲ್ಲಂತೂ ಕೆಂಪು ಗುಂಡಿ ವಿಂಡೋವನ್ನು ಮುಚ್ಚುತ್ತದೆ, ಬಹುಪಾಲು ಪ್ರೋಗ್ರಾಂಗಳು ನಿಲ್ಲಲು ಕಮಾಂಡ್ ಮತ್ತು ಕ್ಯೂ ಒತ್ತಬೇಕು. ಇದಕ್ಕೆ ‘ನಿಲ್ಲಿಸಿ’ ಸಾಕು.

ಉತ್ತರ 2

ಮೇಲಿನವರು ‘ರೀಸೆಟ್’ ಮುಟ್ಟಲಿಲ್ಲ. ಕೈಪಿಡಿಯಲ್ಲಿ ನಿಜವಾಗಿ ಅಪಾಯ ತರುವ ಪದ ಅದು.

ಫೋನ್‌ಗಳ ಕನ್ನಡ ಮೆನುವಿನಲ್ಲಿ ಅದು ‘ಮರುಹೊಂದಿಸಿ’. ಕನ್ನಡದಲ್ಲಿ ‘ಹೊಂದಿಸು’ ಎಂದರೆ ಸರಿಪಡಿಸಿ ಕೂಡಿಸುವುದು, ಗಡಿಯಾರ ಹೊಂದಿಸಿದ ಹಾಗೆ. ಇನ್ನೊಮ್ಮೆ ಹೊಂದಿಸಿದರೆ ಕಳೆದುಕೊಳ್ಳುವುದೇನು ಅನಿಸುತ್ತದೆ. ಆದರೆ ಅದರಡಿ ಮೂರು ಬಗೆಯ ಕೆಲಸಗಳು ಅಡಗಿವೆ. ‘ಪಾಸ್‌ವರ್ಡ್ ರೀಸೆಟ್’ ಎಂದರೆ ಹೊಸ ಪಾಸ್‌ವರ್ಡ್ ಇಡುವುದು. ‘ನೆಟ್‌ವರ್ಕ್ ರೀಸೆಟ್’ ಎಂದರೆ ನೆನಪಿಟ್ಟ ವೈಫೈ ಪಾಸ್‌ವರ್ಡ್‌ಗಳು, ನೆಟ್‌ವರ್ಕ್ ಸೆಟ್ಟಿಂಗ್‌ಗಳು ಹೋಗುವುದು. ಫೈಲ್‌ಗಳಿಗೆ ಏನೂ ಆಗದು. ‘ಫ್ಯಾಕ್ಟರಿ ರೀಸೆಟ್’ ಎಂದರೆ ಎಲ್ಲವೂ ಅಳಿಯುವುದು. ಮೂರಕ್ಕೂ ಒಂದೇ ಕ್ರಿಯಾಪದ ಬಳಸುವುದು ನನಗಂತೂ ಒಪ್ಪಿಗೆಯಿಲ್ಲ. ‘ಹೊಸ ಪಾಸ್‌ವರ್ಡ್ ಇಡಿ’, ‘ನೆಟ್‌ವರ್ಕ್ ಸೆಟ್ಟಿಂಗ್ ಅಳಿಸಿ’, ‘ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿ’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ವಿಂಡೋಸ್‌ನ ‘ರೀಸೆಟ್ ದಿಸ್ ಪಿಸಿ’ ಇನ್ನೂ ತಂಟೆಯದು. ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಆಯ್ದುಕೊಂಡರೆ ದಾಖಲೆ, ಚಿತ್ರಗಳು ಉಳಿಯುತ್ತವೆ. ನೀವಾಗಿ ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಹೋಗುತ್ತವೆ. ಲೆಕ್ಕದ ಸಾಫ್ಟ್‌ವೇರ್ ಬಳಸುವ ಸಣ್ಣ ಕಚೇರಿಗೆ ಇದು ದೊಡ್ಡ ಏಟು, ಯಾಕೆಂದರೆ ಅಂಥ ಸಾಫ್ಟ್‌ವೇರ್ ತನ್ನ ದತ್ತಾಂಶವನ್ನು ‘ಡಾಕ್ಯುಮೆಂಟ್ಸ್’ನಲ್ಲಿ ಇಡದೆ ತನ್ನದೇ ಫೋಲ್ಡರ್‌ನಲ್ಲಿ ಇಟ್ಟಿರಬಹುದು. ರೀಸೆಟ್‌ಗೆ ಮುಂಚೆ ಆ ಪ್ರೋಗ್ರಾಂನ ಒಳಗಿನಿಂದಲೇ ಬ್ಯಾಕಪ್ ತೆಗೆದು ಹೊರಗಿನ ಡ್ರೈವ್‌ಗೆ ಹಾಕಿ, ಲೈಸೆನ್ಸ್ ಸಂಖ್ಯೆ ಬರೆದಿಟ್ಟುಕೊಳ್ಳಿ ಎಂಬ ಸಾಲು ಕೈಪಿಡಿಯಲ್ಲಿ ಇರಲೇಬೇಕು.

ರೂಟರ್‌ನ ವಿಷಯ. ಫೋನಿನಲ್ಲಿ ‘ರೂಟರ್ ರೀಸೆಟ್ ಮಾಡಿ’ ಎನ್ನುವವರ ಮನಸ್ಸಿನಲ್ಲಿರುವುದು ಆಫ್ ಮಾಡಿ ಆನ್ ಮಾಡುವುದು. ಕೇಳಿದವರು ಪೆಟ್ಟಿಗೆಯ ಹಿಂದೆ ‘ರೀಸೆಟ್’ ಎಂದು ಬರೆದಿರುವ ಸೂಜಿತೂತು ಹುಡುಕಿ, ಪಿನ್ ಚುಚ್ಚಿ ಹತ್ತು ಸೆಕೆಂಡ್ ಹಿಡಿಯುತ್ತಾರೆ. ಅಲ್ಲಿಗೆ ವೈಫೈ ಹೆಸರು, ಪಾಸ್‌ವರ್ಡ್, ಸೇವೆ ಕೊಡುವವರ ಯೂಸರ್‌ನೇಮ್ ಎಲ್ಲ ಹೋಗಿ, ಮನೆಯಲ್ಲಿರುವ ಒಂದೊಂದು ಸಾಧನವನ್ನೂ ಮತ್ತೆ ಜೋಡಿಸಬೇಕು. ಕೈಪಿಡಿಯಲ್ಲಿ ಹೀಗೆ ಬರೆಯಬಹುದು: ‘ರೂಟರ್‌ನ ಪ್ಲಗ್ ಕಿತ್ತು 30 ಸೆಕೆಂಡ್ ಕಾದು ಮತ್ತೆ ಚುಚ್ಚಿ. ರೀಸೆಟ್ ತೂತನ್ನು ಮುಟ್ಟಬೇಡಿ.’ ಕಾಯುವುದೇಕೆಂದರೆ ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಕೂಡಲೇ ಚುಚ್ಚಿದರೆ ಹಳೆಯ ಸ್ಥಿತಿ ಪೂರ್ತಿ ಅಳಿಯದೇ ಇರಬಹುದು. ಹೊರಗಿನ ಇಂಟರ್ನೆಟ್ ಲೈನ್ ಬಂದು ಸೇರುವ ಮೋಡೆಮ್ ಮತ್ತು ರೂಟರ್ ಬೇರೆಬೇರೆ ಇದ್ದರೆ ಮೊದಲು ಮೋಡೆಮ್‌ಗೆ ಕರೆಂಟ್ ಕೊಟ್ಟು, ದೀಪಗಳು ಸ್ಥಿರವಾಗುವ ತನಕ ಒಂದೆರಡು ನಿಮಿಷ ಬಿಟ್ಟು, ಆಮೇಲೆ ರೂಟರ್.

ಇನ್ನೆರಡು ಕ್ರಿಯಾಪದಗಳ ಬಗ್ಗೆ ಎಚ್ಚರಿಸಬೇಕು: ‘ತೆಗೆ’, ‘ಹಾಕು’. ಬಾಗಿಲು ತೆಗೆ ಎಂದರೆ ತೆರೆಯುವುದು, ಕಸ ತೆಗೆ ಎಂದರೆ ಹೊರಹಾಕುವುದು. ಬಾಗಿಲು ಹಾಕು ಎಂದರೆ ಮುಚ್ಚುವುದು, ಲೈಟ್ ಹಾಕು ಎಂದರೆ ಆನ್ ಮಾಡುವುದು. ಮಾತಿನಲ್ಲಿ ಇದೆಲ್ಲ ಸಲೀಸು, ಮುಂದಿರುವ ವಸ್ತುವೇ ಅರ್ಥ ಹೇಳಿಬಿಡುತ್ತದೆ. ಅಚ್ಚಿನಲ್ಲಿ ‘ಫೈಲ್ ತೆಗೆಯಿರಿ’ ಎಂದರೆ ಓಪನ್ನೋ ಡಿಲೀಟೋ? ‘ಪೆನ್‌ಡ್ರೈವ್ ತೆಗೆಯಿರಿ’ ಎಂದರೆ ಅದರಲ್ಲಿರುವುದನ್ನು ನೋಡುವುದೋ, ಕಿತ್ತುಕೊಳ್ಳುವುದೋ? ‘ತೆರೆಯಿರಿ’, ‘ಅಳಿಸಿ’, ‘ಹೊರಗೆ ಎಳೆಯಿರಿ’ ಎಂದು ಒಂದೊಂದಕ್ಕೆ ಒಂದೊಂದು.

ಪೆನ್‌ಡ್ರೈವ್ ಎಳೆಯುವ ಬಗ್ಗೆಯೂ ಒಂದು ಮಾತು. 2018ರ ವಿಂಡೋಸ್ 10ರ 1809ನೇ ಆವೃತ್ತಿಯಿಂದ ಹೊರಗಿನ ಡ್ರೈವ್‌ಗಳಿಗೆ ‘ಕ್ವಿಕ್ ರಿಮೂವಲ್’ ಮೊದಲೇ ಗೊತ್ತುಮಾಡಿದ ಕ್ರಮ. ಕಾಪಿ ಮುಗಿದ ಮೇಲೆ ಪೆನ್‌ಡ್ರೈವನ್ನು ‘ಇಜೆಕ್ಟ್’ ಕೊಡದೆ ಎಳೆದರೂ ಸಾಮಾನ್ಯವಾಗಿ ಏನೂ ಕೆಡದು. ಕಾಪಿ ನಡೆಯುತ್ತಿರುವಾಗ ಎಳೆಯುವುದು ಎಂದೂ ಸಲ್ಲ. ಒಳಗೆ ತಿರುಗುವ ತಟ್ಟೆಯಿರುವ ಹಾರ್ಡ್ ಡಿಸ್ಕ್‌ಗೆ ‘ಇಜೆಕ್ಟ್’ ಕೊಟ್ಟು, ತಿರುಗುವ ಸದ್ದು ನಿಂತ ಮೇಲೆಯೇ ಕೇಬಲ್ ಬಿಚ್ಚುವುದು ಕ್ಷೇಮ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಧನ್ಯವಾದ. ‘ಮರುಹೊಂದಿಕೆ’ ಕರಡಿನಿಂದ ಹೊರಟಿತು. ಇನ್ನೊಂದು ಉಳಿದಿದೆ: ಪ್ರಿಂಟ್ ಕೊಟ್ಟದ್ದು ಸಾಲಿನಲ್ಲೇ ಸಿಕ್ಕಿಕೊಂಡಾಗ ‘ರೀಸ್ಟಾರ್ಟ್ ಮಾಡಿ’ ಎಂದು ಬರೆದಿದ್ದೇವೆ. ಕರಡು ಓದಿದವರೊಬ್ಬರು ‘ಯಾವುದನ್ನು?’ ಎಂದು ಅಂಚಿನಲ್ಲಿ ಬರೆದಿದ್ದಾರೆ. ಕಂಪ್ಯೂಟರನ್ನೋ, ಪ್ರಿಂಟರನ್ನೋ? ಯಂತ್ರ ಪೂರ್ತಿ ಕಲ್ಲಿನಂತೆ ನಿಂತುಬಿಟ್ಟರೆ ಯಾವ ಮಾತು?

ಉತ್ತರ 1ರವರಿಂದ

ಅಂಚಿನ ಟಿಪ್ಪಣಿ ಸರಿಯಾಗಿದೆ. ‘ರೀಸ್ಟಾರ್ಟ್’ಗೆ ಕರ್ಮಪದ ಬಿಡಲೇಬಾರದು. ಸಿಕ್ಕಿಕೊಂಡಿರುವುದು ಹೆಚ್ಚಾಗಿ ಪ್ರಿಂಟರೂ ಅಲ್ಲ, ಇಡೀ ಕಂಪ್ಯೂಟರೂ ಅಲ್ಲ. ಪ್ರಿಂಟ್‌ಗಳನ್ನು ಸಾಲಿನಲ್ಲಿಟ್ಟು ಕಳುಹಿಸುವ, ವಿಂಡೋಸ್‌ನ ‘ಪ್ರಿಂಟ್ ಸ್ಪೂಲರ್’ ಎಂಬ ಸೇವೆ. ಪ್ರಿಂಟರ್ ಆಫ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಹುಡುಕಿ ತೆರೆದು, ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಮೇಲೆ ಬಲಕ್ಲಿಕ್ ಮಾಡಿ ‘ಸ್ಟಾಪ್’ ಕೊಡಿ. ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ತೆರೆದು ಒಳಗಿರುವ ಫೈಲ್‌ಗಳನ್ನಷ್ಟೇ ಅಳಿಸಿ, ಫೋಲ್ಡರನ್ನು ಅಲ್ಲ. ಮತ್ತೆ ಅದೇ ಪಟ್ಟಿಗೆ ಬಂದು ‘ಸ್ಟಾರ್ಟ್’ ಕೊಟ್ಟು ಪ್ರಿಂಟರ್ ಆನ್ ಮಾಡಿ. ಸ್ಪೂಲರ್ ನಿಲ್ಲಿಸದೆ ಅಳಿಸಲು ಹೋದರೆ ಫೈಲ್ ಬಳಕೆಯಲ್ಲಿದೆ ಎಂದು ವಿಂಡೋಸ್ ತಡೆಯುತ್ತದೆ. ಸಾಲಿನಲ್ಲಿದ್ದ ಪ್ರಿಂಟ್‌ಗಳನ್ನೆಲ್ಲ ಮತ್ತೆ ಕೊಡಬೇಕಾಗುತ್ತದೆ, ಅದನ್ನೂ ಮೊದಲೇ ಹೇಳಿ.

ಪರದೆ ಮಾತ್ರ ಕಪ್ಪಾಗಿದ್ದರೆ ಅಥವಾ ಅಲ್ಲಾಡದಿದ್ದರೆ ವಿಂಡೋಸ್ ಕೀಲಿ, ಕಂಟ್ರೋಲ್, ಷಿಫ್ಟ್, ಬಿ ಒಟ್ಟಿಗೆ ಒತ್ತಿ ನೋಡಿ. ಪರದೆಯ ಡ್ರೈವರ್ ಒಂದೇ ರೀಸ್ಟಾರ್ಟ್ ಆಗುತ್ತದೆ, ತೆರೆದ ಕೆಲಸ ಹಾಗೇ ಇರುತ್ತದೆ. ಅದೂ ಆಗದಿದ್ದರೆ ಕೊನೆಯ ದಾರಿ ಪವರ್ ಗುಂಡಿ. ಇಲ್ಲಿ ‘ಒತ್ತಿ’ ಎಂದು ಬರೆದರೆ ತಪ್ಪಾಗುತ್ತದೆ, ‘ಒತ್ತಿ ಹಿಡಿಯಿರಿ’ ಎನ್ನಬೇಕು. ಒಮ್ಮೆ ಒತ್ತಿ ಬಿಟ್ಟರೆ ಯಂತ್ರ ಸ್ಲೀಪ್‌ಗೋ ಷಟ್‌ಡೌನ್‌ಗೋ ಹೋಗಲು ಯತ್ನಿಸುತ್ತದೆ ಅಷ್ಟೆ. 4 ಸೆಕೆಂಡ್ ಹಿಡಿದರೆ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 10 ಸೆಕೆಂಡ್, ವಿದ್ಯುತ್ತೇ ಕಡಿದುಹೋಗುತ್ತದೆ. ಅಪ್‌ಡೇಟ್ ನಡೆಯುತ್ತಿದೆ ಎಂಬ ಬರಹ ಪರದೆಯ ಮೇಲಿರುವಾಗ ಹಾಗೆ ಮಾಡಬಾರದೆಂಬುದನ್ನು ಅದೇ ವಾಕ್ಯದ ಪಕ್ಕದಲ್ಲಿ ಹಾಕಿ, ಅಡಿಟಿಪ್ಪಣಿಗೆ ತಳ್ಳಬೇಡಿ.